‘ಗೆದ್ದಲಿಗೆ ಆಹಾರವಲ್ಲ’: ಒಂದು ಹೇಳಿಕೆಯ ವಿಮರ್ಶೆ

ಉಷ್ಣನಿರೋಧಕ ಪ್ಯಾನೆಲ್‌ಗಳಿಂದ ಕಟ್ಟುವ ಮನೆಗಳ ಬಗ್ಗೆ ಬರುವ ಪರಿಚಯ ಪುಸ್ತಿಕೆಗಳಲ್ಲಿ ಒಂದು ಮಾತು ಪದೇ ಪದೇ ಎದುರಾಗುತ್ತದೆ. ಪ್ಯಾನೆಲ್‌ನ ಒಳಗಿರುವ ನೊರೆ ಪ್ಲಾಸ್ಟಿಕ್‌ನಲ್ಲಿ ಪೌಷ್ಟಿಕಾಂಶವಿಲ್ಲ, ಅದು ಗೆದ್ದಲಿಗೆ ಆಹಾರವಲ್ಲ, ಆದ್ದರಿಂದ ಗೆದ್ದಲಿನ ಭಯವಿಲ್ಲ ಎಂಬುದೇ ಆ ಮಾತು. ಇದರ ಮೊದಲ ಅರ್ಧ ನಿಜ. ಎರಡನೆಯ ಅರ್ಧ ಮೊದಲನೆಯದರಿಂದ ಹೊರಡುವುದಿಲ್ಲ. ವಿಜ್ಞಾನದ ವೇಷದಲ್ಲಿ ಬರುವ ಇಂಥ ‘ಆದ್ದರಿಂದ’ಗಳನ್ನು ನಿಲ್ಲಿಸಿ ಪ್ರಶ್ನಿಸುವುದು ವಿಜ್ಞಾನ ಶಿಕ್ಷಕರ ಕೆಲಸವೇ ಆಗಿರುವುದರಿಂದ ಈ ಹೇಳಿಕೆಯನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಈ ತಪ್ಪನ್ನು ಒಮ್ಮೆ ನಾನೂ ಮಾಡಿದ್ದೇನೆ. ನಮ್ಮ ಪ್ರಯೋಗಶಾಲೆಯ ಉಗ್ರಾಣದಲ್ಲಿ ಹಳೆಯ ಪ್ರಯೋಗ ದಾಖಲೆಗಳ ಕಟ್ಟುಗಳನ್ನು ನೆಲದ ತೇವದಿಂದ ಕಾಪಾಡಲೆಂದು ದಪ್ಪ ಥರ್ಮೊಕೋಲ್ ಹಾಳೆಗಳ ಮೇಲೆ ಇರಿಸಿದ್ದೆವು. ‘ಸರ್, ಗೆದ್ದಲು ಬಂದೀತು’ ಎಂದು ಸಹಾಯಕರು ಎಚ್ಚರಿಸಿದಾಗ, ‘ಥರ್ಮೊಕೋಲ್ ಅದಕ್ಕೆ ಆಹಾರವಲ್ಲ’ ಎಂದು ಉತ್ತರಿಸಿದವನು ನಾನೇ. ಒಂದು ಮಳೆಗಾಲ ಕಳೆದು ಕಟ್ಟುಗಳನ್ನು ಎತ್ತಿದಾಗ ಹಾಳೆಯ ಹೊರಮೈ ಹೊಸದರಂತೆಯೇ ಇತ್ತು. ಆದರೆ ಅದರ ಅಡಿಯಿಂದ ಮೇಲಿನವರೆಗೆ ಪೆನ್ಸಿಲ್ ಗಾತ್ರದ ಸುರಂಗಗಳು, ಒಳಗೆ ಮಣ್ಣಿನ ಲೇಪ. ಮೇಲಿದ್ದ ದಾಖಲೆಗಳಲ್ಲಿ ರಟ್ಟು ಮಾತ್ರ ಉಳಿದಿತ್ತು. ಇಪ್ಪತ್ತು ವರ್ಷಗಳ ವಿದ್ಯಾರ್ಥಿಗಳ ಅಳತೆಗಳು ಹೀಗೆ ಹೋದವು. ಗೆದ್ದಲು ಥರ್ಮೊಕೋಲನ್ನು ತಿನ್ನಲಿಲ್ಲ, ದಾರಿಯಾಗಿ ಬಳಸಿಕೊಂಡಿತು ಅಷ್ಟೆ.

ಪ್ಯಾನೆಲ್ ಮನೆ ಎಂದರೇನು?

ಎರಡು ತೆಳುವಾದ ಗಟ್ಟಿ ಹಲಗೆಗಳ ನಡುವೆ ಹಗುರವಾದ ಉಷ್ಣನಿರೋಧಕ ಪದಾರ್ಥವನ್ನು ಅಂಟಿಸಿ ಮಾಡಿದ ಹೊದಿಕೆಯೇ ಗೋಡೆ, ಅದೇ ಚಾವಣಿ, ಭಾರ ಹೊರುವ ಅಂಗವೂ ಅದೇ. ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯ ಉತ್ಪನ್ನ ಪ್ರಯೋಗಾಲಯದಲ್ಲಿ 1935ರಲ್ಲಿ ಪ್ಲೈವುಡ್ ಮೈಯೇ ಭಾರ ಹೊರುವಂಥ ಪ್ಯಾನೆಲ್‌ಗಳ ಮನೆಯನ್ನು ಕಟ್ಟಿ ಪರೀಕ್ಷಿಸಲಾಯಿತು. 1952ರ ಸುಮಾರಿಗೆ ವಾಸ್ತುಶಿಲ್ಪಿ ಆಲ್ಡೆನ್ ಡೌ ಮಿಷಿಗನ್ ರಾಜ್ಯದ ಮಿಡ್‌ಲ್ಯಾಂಡ್‌ನಲ್ಲಿ ನೊರೆ ಪ್ಲಾಸ್ಟಿಕ್ ತುಂಬಿದ ಪ್ಯಾನೆಲ್‌ಗಳಿಂದ ಮನೆಗಳನ್ನು ಕಟ್ಟಿದರು. ಇಂದಿನ ಸಾಮಾನ್ಯ ಮಾದರಿಯಲ್ಲಿ ಹೊರಗೆ ಮತ್ತು ಒಳಗೆ ಸುಮಾರು 11 ಮಿ.ಮೀ. ದಪ್ಪದ ಓಎಸ್‌ಬಿ, ಅಂದರೆ ಮರದ ಚಕ್ಕೆಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ, ಇರುತ್ತದೆ. ನಡುವೆ ಸುಮಾರು 90 ಮಿ.ಮೀ. ದಪ್ಪದ ಪಾಲಿಸ್ಟೈರೀನ್ ನೊರೆ. ಇದೇ ನಾವು ಥರ್ಮೊಕೋಲ್ ಎನ್ನುವ ವಸ್ತು.

ಉಷ್ಣ ನಿರೋಧದಲ್ಲಿ ಇದರ ಸಾಧನೆ ನಿಜಕ್ಕೂ ದೊಡ್ಡದು. ಥರ್ಮೊಕೋಲ್‌ನ ಉಷ್ಣ ವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.037 ವ್ಯಾಟ್. ಇಟ್ಟಿಗೆಯದು ಸುಮಾರು 0.8. ಹಾಗಾಗಿ 90 ಮಿ.ಮೀ. ಥರ್ಮೊಕೋಲ್ 230 ಮಿ.ಮೀ. ಇಟ್ಟಿಗೆ ಗೋಡೆಗಿಂತ ಸುಮಾರು ಎಂಟು ಪಟ್ಟು ಹೆಚ್ಚು ನಿರೋಧ ಒಡ್ಡುತ್ತದೆ. ಚಳಿ ದೇಶಗಳಲ್ಲಿ ಇಂಧನ ಉಳಿಸುವ ಈ ಗುಣವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಪ್ರಶ್ನೆ ಇರುವುದು ಈ ಗುಣದ ಜೊತೆಗೆ ಅಂಟಿಕೊಂಡು ಬರುವ ಇನ್ನೊಂದು ಗುಣದ ಬಗ್ಗೆ.

ಆಹಾರ ಬೇರೆ, ದಾರಿ ಬೇರೆ

ಘನ ಪಾಲಿಸ್ಟೈರೀನ್‌ನ ಸಾಂದ್ರತೆ ಘನ ಮೀಟರಿಗೆ ಸುಮಾರು 1050 ಕಿ.ಗ್ರಾಂ. ಪ್ಯಾನೆಲ್‌ನಲ್ಲಿ ಬಳಸುವ ಥರ್ಮೊಕೋಲ್‌ನದು ಸುಮಾರು 16 ಕಿ.ಗ್ರಾಂ. ಅಂದರೆ ಅದರ ಗಾತ್ರದಲ್ಲಿ ಶೇಕಡ 98ಕ್ಕೂ ಹೆಚ್ಚು ಭಾಗ ಗಾಳಿ. ಗಾಳಿ ಹೆಚ್ಚಿರುವುದರಿಂದಲೇ ಅದು ಒಳ್ಳೆಯ ಉಷ್ಣನಿರೋಧಕ. ಅದೇ ಕಾರಣದಿಂದ ಅದನ್ನು ಕೊರೆಯುವುದೂ ಬಹಳ ಸುಲಭ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. 5 ಮಿ.ಮೀ. ವ್ಯಾಸದ, 1 ಮೀಟರ್ ಉದ್ದದ ಸುರಂಗದ ಗಾತ್ರ ಸುಮಾರು 20 ಘನ ಸೆಂ.ಮೀ. ಘನ ಮೀಟರಿಗೆ 600 ಕಿ.ಗ್ರಾಂ ಸಾಂದ್ರತೆಯ ಮರದಲ್ಲಿ ಇಷ್ಟು ಕೊರೆಯಲು 12 ಗ್ರಾಂ ಮರವನ್ನು ಕಡಿದು ತೆಗೆಯಬೇಕು. ಥರ್ಮೊಕೋಲ್‌ನಲ್ಲಿ ತೆಗೆಯಬೇಕಾದದ್ದು 0.3 ಗ್ರಾಂ ಮಾತ್ರ! ಬಲದ ದೃಷ್ಟಿಯಿಂದಲೂ ಹೀಗೆಯೇ. ಈ ಥರ್ಮೊಕೋಲ್ ಸುಮಾರು 0.07 ಮೆಗಾಪಾಸ್ಕಲ್ ಒತ್ತಡಕ್ಕೇ ಶೇಕಡ 10ರಷ್ಟು ಕುಗ್ಗುತ್ತದೆ. ಮರವನ್ನು ಅದರ ಎಳೆಗಳಿಗೆ ಅಡ್ಡಲಾಗಿ ಜಜ್ಜಲು ಹಲವು ಮೆಗಾಪಾಸ್ಕಲ್ ಬೇಕು. ಮರವನ್ನೇ ಕಡಿಯಬಲ್ಲ ದವಡೆಗೆ ಥರ್ಮೊಕೋಲ್ ಯಾವ ಲೆಕ್ಕ?

ನೆಲದಲ್ಲಿ ವಾಸಿಸುವ ಗೆದ್ದಲಿನ ಚರ್ಮ ತೆಳು. ಒಣ ಗಾಳಿಗೂ ಬೆಳಕಿಗೂ ಒಡ್ಡಿಕೊಂಡರೆ ಅದು ಬೇಗ ಸಾಯುತ್ತದೆ. ಆದ್ದರಿಂದಲೇ ಗೋಡೆಯ ಮೇಲೆ ಹತ್ತುವಾಗ ಅದು ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡು ಹೋಗುತ್ತದೆ. ಆ ಕೊಳವೆಯೇ ಮನೆಯವರಿಗೆ ಸಿಗುವ ಎಚ್ಚರಿಕೆ. ಪ್ಯಾನೆಲ್ ಗೋಡೆಯೊಳಗೆ ಗೆದ್ದಲಿಗೆ ಕತ್ತಲೆ ಇದೆ, ಗಾಳಿಯ ಸುಳಿದಾಟವಿಲ್ಲ, ಉಷ್ಣತೆಯ ಏರಿಳಿತವೂ ಕಡಿಮೆ. ಎರಡೂ ಬದಿಗೆ ಓಎಸ್‌ಬಿ ರೂಪದಲ್ಲಿ ಊಟವೂ ಇದೆ. ಹೊರಗೆ ಬರುವ ಅಗತ್ಯವೇ ಇಲ್ಲದಿರುವುದರಿಂದ ಎಚ್ಚರಿಕೆಯೂ ಇಲ್ಲ. ಮುಖ್ಯವಾದ ಅಪಾಯ ಇದೇ.

ಗೆದ್ದಲು ಮಾತ್ರವಲ್ಲ

ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಪ್ಯಾನೆಲ್ ಮನೆಗಳ ದೊಡ್ಡ ತಲೆನೋವು ಗೆದ್ದಲಿಗಿಂತ ಬಡಗಿ ಇರುವೆ. ಕ್ಯಾಂಪೊನೋಟಸ್ ಕುಲದ ಈ ದೊಡ್ಡ ಇರುವೆ ಮರವನ್ನೂ ತಿನ್ನುವುದಿಲ್ಲ, ಥರ್ಮೊಕೋಲನ್ನೂ ತಿನ್ನುವುದಿಲ್ಲ. ಗೂಡಿಗಾಗಿ ಕೊರೆಯುತ್ತದೆ. ಮೊಟ್ಟೆಗಳಿರುವ ಮೂಲ ಗೂಡು ಹೊರಗೆ ತೇವವಿರುವ ಮರದ ಬೊಡ್ಡೆಯಲ್ಲಿರುತ್ತದೆ. ಬೆಳೆದ ಮರಿಹುಳುಗಳನ್ನೂ ಕೋಶಗಳನ್ನೂ ಕೆಲಸಗಾರ ಇರುವೆಗಳು ಬೆಚ್ಚನೆಯ ಉಪಗೂಡುಗಳಿಗೆ ಸಾಗಿಸುತ್ತವೆ. ಒಳಗೆ 20 ಡಿಗ್ರಿ, ಹೊರಗೆ 0 ಡಿಗ್ರಿ ಸೆಲ್ಸಿಯಸ್ ಇದ್ದರೆ 90 ಮಿ.ಮೀ. ನೊರೆಯಲ್ಲಿ ಪ್ರತಿ ಸೆಂಟಿಮೀಟರಿಗೆ ಸುಮಾರು 2 ಡಿಗ್ರಿಯಂತೆ ಉಷ್ಣತೆ ಬದಲಾಗುತ್ತದೆ. ಬೇಕಾದ ಉಷ್ಣತೆಯನ್ನು ಆರಿಸಿಕೊಳ್ಳಲು ಇರುವೆ ಕೆಲವೇ ಸೆಂಟಿಮೀಟರ್ ಆಚೀಚೆ ಸರಿದರೆ ಸಾಕು. ನಮಗೆ ಉಷ್ಣನಿರೋಧಕವಾದದ್ದು ಅದಕ್ಕೆ ಸಿದ್ಧಪಡಿಸಿಟ್ಟ ತೊಟ್ಟಿಲು.

ಕೋಳಿ ಸಾಕಣೆ ಮನೆಗಳಲ್ಲೂ ಇಂಥದೇ ಅನುಭವವಿದೆ. ಅಲ್ಲಿನ ಕಸದಲ್ಲಿ ಬೆಳೆಯುವ ಒಂದು ಜಾತಿಯ ಕಪ್ಪು ದುಂಬಿಯ ಮರಿಹುಳು ಕೋಶವಾಗುವ ಮೊದಲು ಗೋಡೆಯ ನೊರೆಯನ್ನು ಕೊರೆದು ಒಳಸೇರುತ್ತದೆ. ಕೆಲಕಾಲದಲ್ಲಿ ನಿರೋಧಕ ಪದರವೇ ಜರಡಿಯಾಗಿ ಹೋಗುತ್ತದೆ. ಇನ್ನು ‘ಆಹಾರವಲ್ಲ’ ಎಂಬ ಮಾತು ಕೂಡ ಎಲ್ಲ ಕೀಟಗಳಿಗೂ ಅನ್ವಯಿಸುವುದಿಲ್ಲ. ಹಿಟ್ಟಿನ ಹುಳುಗಳು ಥರ್ಮೊಕೋಲನ್ನು ತಿಂದು, ಕರುಳಿನ ಬ್ಯಾಕ್ಟೀರಿಯಗಳ ನೆರವಿನಿಂದ ಅದರ ಒಂದು ಭಾಗವನ್ನು ವಿಘಟಿಸುತ್ತವೆಂದು ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ನೂರು ಹುಳುಗಳು ದಿನಕ್ಕೆ ತಿಂದದ್ದು 34ರಿಂದ 39 ಮಿಲಿಗ್ರಾಂ. ಮನೆಗೆ ಇದರಿಂದ ಅಪಾಯವೇನೂ ಇಲ್ಲ. ಆದರೆ ಜೀವಲೋಕದ ಬಗ್ಗೆ ‘ಎಂದಿಗೂ ಇಲ್ಲ’ ಎನ್ನುವ ಮುನ್ನ ಯೋಚಿಸಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅಳೆಯುವುದು ಏನನ್ನು?

‘ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ’ ಎಂಬುದು ಎರಡನೆಯ ಸಮರ್ಥನೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಪ್ರಮಾಣಿತ ಪರೀಕ್ಷೆಯೊಂದರಲ್ಲಿ ಮರಳು ತುಂಬಿದ ಜಾಡಿಯೊಳಗೆ ಮಾದರಿ ತುಂಡನ್ನಿಟ್ಟು 400 ಗೆದ್ದಲುಗಳನ್ನು ಬಿಡುತ್ತಾರೆ. ನಾಲ್ಕು ವಾರಗಳ ನಂತರ ತುಂಡಿನ ತೂಕ ಎಷ್ಟು ಕಡಿಮೆಯಾಯಿತೆಂದು ನೋಡುತ್ತಾರೆ. ಹಾನಿಯನ್ನು ಕಣ್ಣಳತೆಯಿಂದ ಗುರುತಿಸಿ 10ರಿಂದ 0 ವರೆಗೆ ಅಂಕ ಕೊಡುತ್ತಾರೆ. ಪೂರ್ಣ ಸುಸ್ಥಿತಿಯ ತುಂಡಿಗೆ 10.

ಮರವನ್ನು ಪರೀಕ್ಷಿಸಲು ಇದು ಸರಿಯಾದ ವಿಧಾನ. ಮರದಲ್ಲಿ ತೂಕದ ನಷ್ಟವೇ ಬಲದ ನಷ್ಟ. ಆದರೆ ಇದೇ ತಕ್ಕಡಿಯಲ್ಲಿ ನೊರೆಯನ್ನು ತೂಗಿದರೆ? 10 ಸೆಂ.ಮೀ. ಬದಿಯ ಥರ್ಮೊಕೋಲ್ ಘನದಲ್ಲಿ ಅಡಿಯಿಂದ ಮೇಲಿನವರೆಗೆ 5 ಮಿ.ಮೀ. ವ್ಯಾಸದ ಸುರಂಗ ಕೊರೆದಿದೆ ಎನ್ನಿ. ಹೋದ ಗಾತ್ರ 1000ದಲ್ಲಿ 2 ಘನ ಸೆಂ.ಮೀ. ತೂಕದ ನಷ್ಟ ಶೇಕಡ 0.2. ವರದಿಯಲ್ಲಿ ‘ಶೇಕಡ 99.8 ಸುರಕ್ಷಿತ’ ಎಂದು ಬರೆಯಬಹುದು, ಅದರಲ್ಲಿ ಸುಳ್ಳೂ ಇಲ್ಲ. ಆದರೆ ದಾರಿ ಪೂರ್ಣವಾಗಿದೆ! ತೂಕ ಅಳೆಯುವುದು ತಿಂದದ್ದನ್ನು. ನಮಗೆ ಬೇಕಾದದ್ದು ದಾಟಿತೇ ಇಲ್ಲವೇ ಎಂಬ ಉತ್ತರ. ತಪ್ಪಾದ ರಾಶಿಯನ್ನು ಎಷ್ಟು ನಿಖರವಾಗಿ ಅಳೆದರೂ ಪ್ರಯೋಜನವಿಲ್ಲವೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲವೆ?

ಜಾಡಿಯ 400 ಗೆದ್ದಲುಗಳಿಗೂ ಹೊರಗಿನ ವಾಸ್ತವಕ್ಕೂ ಇರುವ ಅಂತರವನ್ನೂ ಗಮನಿಸಬೇಕು. ಎರಡನೆಯ ಮಹಾಯುದ್ಧದ ನಂತರ ಸೇನೆಯ ಸರಕುಗಳೊಂದಿಗೆ ಪೂರ್ವ ಏಷ್ಯಾದಿಂದ ಅಮೆರಿಕದ ದಕ್ಷಿಣ ತೀರಕ್ಕೆ ಬಂದ ಫಾರ್ಮೋಸಾ ಗೆದ್ದಲಿನ ಬಲಿತ ವಸಾಹತಿನಲ್ಲಿ ಹಲವು ದಶಲಕ್ಷ ಗೆದ್ದಲುಗಳಿರಬಹುದು. ಅವುಗಳ ಕೈಯಲ್ಲಿ ನಾಲ್ಕು ವಾರವಲ್ಲ, ವರ್ಷಗಟ್ಟಲೆ ಸಮಯವಿದೆ.

ಬೋರೇಟ್: ಎಷ್ಟು ಭರವಸೆ?

ಕೆಲವು ತಯಾರಕರು ನೊರೆಗೆ ಬೋರೇಟ್ ಲವಣವನ್ನು ಬೆರೆಸುತ್ತಾರೆ. ಓಎಸ್‌ಬಿಗೆ ಸತು ಬೋರೇಟ್ ಸೇರಿಸುವುದೂ ಉಂಟು. ಇದು ಒಳ್ಳೆಯ ಕ್ರಮ. ಸಸ್ತನಿಗಳಿಗೆ ಬೋರೇಟ್‌ನ ವಿಷತ್ವ ಕಡಿಮೆ, ಅದು ಆವಿಯಾಗಿ ಮನೆಯ ಗಾಳಿಗೆ ಸೇರುವುದೂ ಇಲ್ಲ. ಆದರೆ ಅದರ ಮಿತಿಗಳನ್ನು ಪುಸ್ತಿಕೆಗಳು ಹೇಳುವುದಿಲ್ಲ. ಬೋರೇಟ್ ಮುಟ್ಟಿದರೆ ಕೊಲ್ಲುವ ವಿಷವಲ್ಲ, ಹೊಟ್ಟೆಗೆ ಹೋಗಬೇಕು. ‘ಆಹಾರವಲ್ಲ’ ಎಂದು ಒಂದು ಪುಟದಲ್ಲಿ ಹೇಳಿ, ಮರುಪುಟದಲ್ಲಿ ನುಂಗಿದರೆ ಮಾತ್ರ ಕೆಲಸ ಮಾಡುವ ವಿಷವನ್ನು ಅದೇ ವಸ್ತುವಿಗೆ ಬೆರೆಸಿದ್ದೇವೆ ಎನ್ನುವುದರಲ್ಲಿ ಒಂದು ವಿರೋಧವಿದೆ. ಕೊರೆಯುವಾಗ ಚೂರುಗಳನ್ನು ಬಾಯಲ್ಲಿ ಕಚ್ಚಿ ಸಾಗಿಸುವುದರಿಂದ, ಪರಸ್ಪರ ಮೈ ನೆಕ್ಕುವುದರಿಂದ ಸ್ವಲ್ಪ ಒಳಸೇರುತ್ತದೆಂಬುದು ನಿಜ. ಆದರೂ ಇದು ನಿಧಾನವಾದ ಕ್ರಿಯೆ. ಜೊತೆಗೆ ಸೋಡಿಯಂ ಬೋರೇಟ್‌ಗಳು ನೀರಿನಲ್ಲಿ ಕರಗುತ್ತವೆ. ಒದ್ದೆಯಾದ ಕಡೆ, ಅಂದರೆ ರಕ್ಷಣೆ ಅತಿ ಹೆಚ್ಚು ಬೇಕಾದ ಕಡೆಯೇ, ಅದು ತೊಳೆದುಹೋಗುತ್ತದೆ. ಓಎಸ್‌ಬಿಗೆ ಬಹಳ ಕಡಿಮೆ ಕರಗುವ ಸತು ಬೋರೇಟನ್ನು ಆರಿಸಿರುವುದಕ್ಕೆ ಕಾರಣವೂ ಇದೇ.

ನಿಯಮ ಹೇಳುವುದೇನು?

ಅಮೆರಿಕದ ಮಾದರಿ ವಸತಿ ಕಟ್ಟಡ ಸಂಹಿತೆ 2000ದ ಆವೃತ್ತಿಯಿಂದಲೇ ಈ ಅಪಾಯವನ್ನು ಗುರುತಿಸಿದೆ. ಗೆದ್ದಲಿನ ಹಾವಳಿ ‘ಅತಿ ತೀವ್ರ’ ಎಂದು ನಕ್ಷೆಯಲ್ಲಿ ಗುರುತಿಸಿದ ಪ್ರದೇಶಗಳಲ್ಲಿ, ಅಂದರೆ ಫ್ಲೋರಿಡ, ಜಾರ್ಜಿಯ, ಲೂಸಿಯಾನ ಮೊದಲಾದ ಕಡೆ, ತಳಪಾಯದ ಹೊರಮೈಗೆ ಅಥವಾ ಅಡಿಗೆ ನೆಲಮಟ್ಟಕ್ಕಿಂತ ಕೆಳಗೆ ನೊರೆ ಪ್ಲಾಸ್ಟಿಕ್ ಬಳಸಬಾರದು. ನೆಲದ ಮೇಲೆ ಬಳಸುವಾಗಲೂ ನೊರೆಗೂ ಮಣ್ಣಿಗೂ ನಡುವೆ ಕನಿಷ್ಠ 6 ಅಂಗುಲ, ಅಂದರೆ ಸುಮಾರು 15 ಸೆಂ.ಮೀ. ಅಂತರವಿರಬೇಕು.

ಈ 15 ಸೆಂ.ಮೀ. ಗೆದ್ದಲನ್ನು ತಡೆಯುತ್ತದೆಯೆ? ಖಂಡಿತ ಇಲ್ಲ. ಅಷ್ಟು ಎತ್ತರದ ಕೊಳವೆ ಕಟ್ಟುವುದು ಗೆದ್ದಲಿಗೆ ಕಷ್ಟವೇ ಅಲ್ಲ. ಆದರೆ ಅದನ್ನು ಬಯಲಿನಲ್ಲಿ, ನಮ್ಮ ಕಣ್ಣೆದುರಿಗೆ ಕಟ್ಟಬೇಕಾಗುತ್ತದೆ. ತಳಪಾಯದ ಮೇಲೆ ಹೊರಚಾಚುವಂತೆ ಹಾಕುವ ಲೋಹದ ತಗಡಿನ ತತ್ತ್ವವೂ ಇದೇ. ಗೆದ್ದಲು ಅದನ್ನೂ ಸುತ್ತಿಕೊಂಡು ಹತ್ತುತ್ತದೆ, ಆದರೆ ಬಚ್ಚಿಟ್ಟುಕೊಂಡು ಹತ್ತಲಾರದು. ಅಂದರೆ ಇವು ತಡೆಗೋಡೆಗಳಿಗಿಂತ ಹೆಚ್ಚಾಗಿ ಸಂಸೂಚಕಗಳು. ಪ್ಯಾನೆಲ್ ಮನೆಯ ರಕ್ಷಣೆಯ ತಿರುಳು ಇಲ್ಲಿದೆ. ಗೆದ್ದಲು ತಿನ್ನಲಾರದ ವಸ್ತುವನ್ನು ಹುಡುಕುವುದಕ್ಕಿಂತ ಅದು ಕಾಣದೆ ಬರಲಾರದಂತೆ ಮನೆ ಕಟ್ಟುವುದು ಮುಖ್ಯ.

ಸಂಹಿತೆಯಲ್ಲಿರುವ ಒಂದು ವಿನಾಯಿತಿ ಮಾತ್ರ ಚರ್ಚೆಗೆ ಅರ್ಹ. ಕಟ್ಟಡದ ಭಾರ ಹೊರುವ ಅಂಗಗಳೆಲ್ಲ ಉರಿಯದ ವಸ್ತುವಿನವು ಅಥವಾ ಒತ್ತಡದಲ್ಲಿ ಸಂರಕ್ಷಕ ತುಂಬಿದ ಮರದವು ಆಗಿದ್ದರೆ ನೆಲದಡಿಯಲ್ಲೂ ನೊರೆ ಬಳಸಬಹುದು. ದಾರಿಯ ಕೊನೆಯಲ್ಲಿ ಊಟವಿಲ್ಲ ಎಂಬುದು ಇದರ ತರ್ಕ. ಮನೆ ಬೀಳುವುದಿಲ್ಲ ಎಂಬ ಮಟ್ಟಿಗೆ ಸರಿ. ಆದರೆ ಮನೆಯೆಂದರೆ ಕೇವಲ ಕಂಬ ತೊಲೆಗಳಲ್ಲ. ಬಾಗಿಲ ಚೌಕಟ್ಟು, ಕಪಾಟು, ಪುಸ್ತಕ, ಬಟ್ಟೆ ಎಲ್ಲವೂ ಅಲ್ಲಿವೆ.

ಈ ಎಚ್ಚರ ಇಷ್ಟು ತಡವಾಗಿ ಮೂಡಿದ್ದೇಕೆ? ಅದಕ್ಕೂ ಒಂದು ಹಿನ್ನೆಲೆಯಿದೆ. ದಶಕಗಳ ಕಾಲ ಅಮೆರಿಕದಲ್ಲಿ ಮನೆಯಡಿಯ ಮಣ್ಣಿಗೆ ಕ್ಲೋರ್ಡೇನ್ ಸುರಿಯುತ್ತಿದ್ದರು. ಒಮ್ಮೆ ಸುರಿದರೆ ಇಪ್ಪತ್ತು ಮೂವತ್ತು ವರ್ಷ ಉಳಿಯುವ ಆ ವಿಷ ಕಟ್ಟುವವರ ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತಿತ್ತು. ಆರೋಗ್ಯ ಮತ್ತು ಪರಿಸರದ ಕಾರಣಕ್ಕೆ 1988ರಲ್ಲಿ ಅದು ನಿಷೇಧವಾಯಿತು. ನಂತರ ಬಳಕೆಗೆ ಬಂದ ವಿಷಗಳ ಆಯುಸ್ಸು ಕೆಲವೇ ವರ್ಷ. ನೆಲಕ್ಕೆ ತಾಗಿದ ನೊರೆ ಗೆದ್ದಲಿನ ಹೆದ್ದಾರಿಯಾಗಬಲ್ಲದೆಂಬುದು 1990ರ ದಶಕದಲ್ಲಿ ಎದ್ದು ಕಂಡದ್ದು ಹೀಗೆ.

ಮೊದಲು ಬರುವುದು ನೀರು

ಕೀಟಗಳಿಗಿಂತ ಮೊದಲು ಪ್ಯಾನೆಲ್‌ನೊಳಗೆ ಬರುವುದು ತೇವ. ಅದು ಬರುವುದು ಹಲಗೆಯ ಮೂಲಕವಲ್ಲ, ಎರಡು ಪ್ಯಾನೆಲ್‌ಗಳು ಕೂಡುವ ಸಂದಿಯ ಮೂಲಕ. 22 ಡಿಗ್ರಿ ಉಷ್ಣತೆ, ಶೇಕಡ 50 ಸಾಪೇಕ್ಷ ಆರ್ದ್ರತೆಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 9.7 ಗ್ರಾಂ ನೀರಾವಿ ಇರುತ್ತದೆ. 0 ಡಿಗ್ರಿಯಲ್ಲಿ ಗಾಳಿ ಹಿಡಿದಿಡಬಲ್ಲದ್ದು ಸುಮಾರು 4.8 ಗ್ರಾಂ. ಚಳಿಗಾಲದಲ್ಲಿ ಒಳಗಿನ ಗಾಳಿ ಸಂದಿಯಲ್ಲಿ ನುಸುಳಿ ಹೊರ ಹಲಗೆಯನ್ನು ಮುಟ್ಟಿದರೆ ಪ್ರತಿ ಘನ ಮೀಟರಿಗೆ ಸುಮಾರು 5 ಗ್ರಾಂ ನೀರು ಅಲ್ಲೇ ಉಳಿಯುತ್ತದೆ. ಗಂಟೆಗೆ ಒಂದೇ ಘನ ಮೀಟರ್ ಸೋರಿದರೂ ದಿನಕ್ಕೆ ಸುಮಾರು 120 ಗ್ರಾಂ, ನೂರು ದಿನಕ್ಕೆ ಸುಮಾರು 12 ಕಿ.ಗ್ರಾಂ!

ಇದು ಕೇವಲ ಕಾಗದದ ಲೆಕ್ಕವಲ್ಲ. ಅಲಾಸ್ಕಾದ ಜೂನೊ ನಗರದಲ್ಲಿ 2001ರ ಸುಮಾರಿಗೆ ಹಲವು ಮನೆಗಳ ಪ್ಯಾನೆಲ್ ಚಾವಣಿಗಳಲ್ಲಿ ಸಂದಿಗಳ ಉದ್ದಕ್ಕೂ ಮೇಲಿನ ಓಎಸ್‌ಬಿ ಕೊಳೆತಿರುವುದು ಕಂಡುಬಂತು. ಅಲಾಸ್ಕಾದಲ್ಲಿ ಗೆದ್ದಲೇ ಇಲ್ಲ. ಸಂದಿಯನ್ನು ಸರಿಯಾಗಿ ಮುಚ್ಚದಿದ್ದುದೇ ಕಾರಣ. ಅದೇ ಒದ್ದೆ ಹಲಗೆ ಬೆಚ್ಚನೆಯ ನಾಡಿನಲ್ಲಿದ್ದರೆ ಕೀಟಗಳಿಗೆ ಆಹ್ವಾನ. ನಮ್ಮ ಕರಾವಳಿಯಂಥ ಕಡೆ ಪ್ರವಾಹದ ದಿಕ್ಕು ತಿರುಗುತ್ತದೆ. ಹೊರಗೆ 32 ಡಿಗ್ರಿ, ಶೇಕಡ 75 ಆರ್ದ್ರತೆ ಇರುವಾಗ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ಹವಾನಿಯಂತ್ರಣದಿಂದ 22 ಡಿಗ್ರಿಗೆ ತಣಿದ ಒಳ ಹಲಗೆಯ ಹಿಂಬದಿಯಲ್ಲಿ ಹೊರಗಿನ ಆವಿ ನೀರಾಗುತ್ತದೆ.

ಕಲ್ಲಿನ ಪುಡಿಯ ಜ್ಯಾಮಿತಿ

ಹಾಗಾದರೆ ನಿಜವಾಗಿ ತಡೆಯುವ ಉಪಾಯವೇ ಇಲ್ಲವೆ? ಇದೆ. ಕ್ಯಾಲಿಫೋರ್ನಿಯದಲ್ಲಿ ಎಬೆಲಿಂಗ್ ಮತ್ತು ಪೆನ್ಸ್ ಎಂಬ ಸಂಶೋಧಕರು ನಿರ್ದಿಷ್ಟ ಗಾತ್ರದ ಕಣಗಳ ಪದರವನ್ನು ಗೆದ್ದಲು ದಾಟಲಾರದೆಂದು 1957ರಲ್ಲಿ ಪ್ರಕಟಿಸಿದರು. 1980ರ ದಶಕದಲ್ಲಿ ಹವಾಯಿ ವಿಶ್ವವಿದ್ಯಾಲಯದ ಮಿನೊರು ತಮಾಶಿರೊ ಮತ್ತು ಸಂಗಡಿಗರು ಫಾರ್ಮೋಸಾ ಗೆದ್ದಲಿಗೆ 1.7ರಿಂದ 2.4 ಮಿ.ಮೀ. ಗಾತ್ರದ ಕಣ ಸೂಕ್ತವೆಂದು ಕಂಡುಕೊಂಡರು. ಜ್ವಾಲಾಮುಖಿ ಶಿಲೆಯ ಪುಡಿಯ ಇಂಥ ಪದರ ಅಲ್ಲಿ ಬಳಕೆಗೂ ಬಂತು. ಆಸ್ಟ್ರೇಲಿಯದಲ್ಲಿ ಗ್ರಾನೈಟ್ ಪುಡಿ ಮತ್ತು ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಬಳಕೆಯಲ್ಲಿವೆ.

ಈ ಗಾತ್ರದ ಗುಟ್ಟೇನು? ಕೆಳಮಿತಿಯನ್ನು ನಿರ್ಧರಿಸುವುದು ದವಡೆ. ಕೆಲಸಗಾರ ಗೆದ್ದಲಿನ ತೂಕ ಸುಮಾರು 3-4 ಮಿ.ಗ್ರಾಂ. 1.7 ಮಿ.ಮೀ. ಶಿಲಾಕಣದ ತೂಕ ಸುಮಾರು 7 ಮಿ.ಗ್ರಾಂ. ಅದನ್ನು ಕಚ್ಚಿ ಎತ್ತಿ ಸರಿಸಲು ಆಗದು. ಮೇಲ್ಮಿತಿಯನ್ನು ನಿರ್ಧರಿಸುವುದು ತಲೆ. ಸಮ ಗೋಳಗಳು ನಾಲ್ಕು ಚೌಕಾಕಾರವಾಗಿ ತಾಗಿ ನಿಂತರೆ ನಡುವಿನ ತೆರಪಿನಲ್ಲಿ ಗೋಳದ ವ್ಯಾಸದ 0.414ರಷ್ಟು ವ್ಯಾಸದ ವಸ್ತು ತೂರಬಲ್ಲದು. 2.4 ಮಿ.ಮೀ. ಕಣಗಳಿಗೆ ಇದು 1 ಮಿ.ಮೀ. ಗೆದ್ದಲಿನ ತಲೆಯ ಅಗಲವೂ ಸುಮಾರು ಇಷ್ಟೇ. ಗಟ್ಟಿಯಾದ ತಲೆ ಹಿಸುಕಿಕೊಳ್ಳುವುದಿಲ್ಲ. ಹೈಸ್ಕೂಲು ಜ್ಯಾಮಿತಿಯ ಒಂದು ಸ್ಥೂಲ ಲೆಕ್ಕ ಪ್ರಯೋಗದ ಫಲಿತಾಂಶಕ್ಕೆ ಇಷ್ಟು ಹತ್ತಿರ ಬರುವುದು ಸಂತೋಷದ ವಿಷಯ. ಈ ಪದರದಲ್ಲಿ ವಿಷವಿಲ್ಲ, ಅದು ಕರಗಿಹೋಗುವುದೂ ಇಲ್ಲ. ಆದರೆ ಅದರ ಮೇಲೆ ತೋಟದ ಮಣ್ಣು ಬಿದ್ದು ಸೇತುವೆಯಾದರೆ ಪ್ರಯೋಜನವಿಲ್ಲ. ಇಲ್ಲಿಯೂ ಕಣ್ಣಿಟ್ಟು ನೋಡುವವರು ಬೇಕು.

ನಮಗೇನು ಪಾಠ?

ಓಎಸ್‌ಬಿ ಪ್ಯಾನೆಲ್ ಮನೆಗಳು ನಮ್ಮಲ್ಲಿ ವಿರಳ. ಆದರೆ ನೊರೆ ತುಂಬಿದ ಪ್ಯಾನೆಲ್‌ಗಳು ಬಂದಿವೆ. ತಗಡಿನ ಮೈಯ ಪ್ಯಾನೆಲ್‌ಗಳಿಂದ ಮಹಡಿಯ ಮೇಲಿನ ಕೋಣೆ, ಕಾಮಗಾರಿ ಕಚೇರಿಗಳನ್ನು ನಮ್ಮ ನಗರಗಳಲ್ಲಿ ಕಟ್ಟುತ್ತಿದ್ದಾರೆ. ಕೇಂದ್ರ ಸರ್ಕಾರದ ಮಾದರಿ ವಸತಿ ಯೋಜನೆಯಡಿ 2021ರಲ್ಲಿ ಇಂದೋರಿನಲ್ಲಿ ಶಂಕುಸ್ಥಾಪನೆಯಾದ ಸಮುಚ್ಚಯಕ್ಕೆ ಉಕ್ಕಿನ ಚೌಕಟ್ಟು ಮತ್ತು ಸ್ಯಾಂಡ್‌ವಿಚ್ ಪ್ಯಾನೆಲ್‌ಗಳ ತಂತ್ರವನ್ನು ಆರಿಸಲಾಯಿತು. ಗೆದ್ದಲು ನಿಯಂತ್ರಣಕ್ಕೆ ಭಾರತೀಯ ಮಾನಕವಾದ ಐ.ಎಸ್. 6313 ಮೂರು ಭಾಗಗಳಲ್ಲಿದೆ. ಅದರ ಮೊದಲ ಭಾಗವೇ ವಿಷದ ಬಗ್ಗೆ ಅಲ್ಲ, ಕಟ್ಟುವ ಕ್ರಮದ ಬಗ್ಗೆ ಎಂಬುದು ಗಮನಾರ್ಹ. ಪ್ಯಾನೆಲ್ ಕೊಳ್ಳುವವರು ‘ಇದನ್ನು ಗೆದ್ದಲು ತಿನ್ನುತ್ತದೆಯೆ?’ ಎಂದು ಕೇಳಿ ಸಮಾಧಾನಗೊಳ್ಳಬಾರದು. ‘ಇದು ನೆಲಕ್ಕೆ ತಾಗುತ್ತದೆಯೆ? ಬುಡದ ಸುತ್ತ ನೋಡಲು ಬಯಲು ಜಾಗವಿದೆಯೆ? ಸಂದಿಗಳನ್ನು ಯಾವುದರಿಂದ ಮುಚ್ಚಿದ್ದೀರಿ? ಕೊಳವೆ, ತಂತಿಗಳು ನೆಲದಿಂದ ಒಳಬರುವ ಜಾಗ ಹೇಗಿದೆ?’ ಎಂದು ಕೇಳಬೇಕು.

ಮಲೆನಾಡಿನ ಹಳೆಯ ತೊಟ್ಟಿಮನೆಯಲ್ಲಿ ಮರದ ಕಂಬವನ್ನು ನೆಲದಲ್ಲಿ ಹೂಳುತ್ತಿರಲಿಲ್ಲ, ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ಆ ಕಲ್ಲೂ ಗೆದ್ದಲನ್ನು ತಡೆಯದು. ಆದರೆ ದಿನಾ ಗುಡಿಸುವವರ ಕಣ್ಣಿಗೆ ಕಲ್ಲಿನ ಮೇಲಿನ ಮಣ್ಣಿನ ಗೆರೆ ಬೀಳದಿರುತ್ತಿರಲಿಲ್ಲ.

ಶಿಕ್ಷಕರಲ್ಲಿ ಒಂದು ಸಲಹೆ. ಮಕ್ಕಳಿಂದ ಥರ್ಮೊಕೋಲ್ ತುಂಡಿನ ಸಾಂದ್ರತೆಯನ್ನು ಅಳೆಸಿ, ಮೇಲಿನ ಸುರಂಗದ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಬಳಿಕ ಶಾಲೆಯ ಗೋಡೆಯ ಬುಡವನ್ನು ಒಂದು ಸುತ್ತು ಪರೀಕ್ಷಿಸಲಿ. ಮಣ್ಣಿನ ಕೊಳವೆ ಕಂಡರೆ ಅದರ ಒಂದು ಸೆಂಟಿಮೀಟರ್ ಭಾಗವನ್ನು ಮುರಿದು, ಒಂದೆರಡು ದಿನ ಬಿಟ್ಟು ನೋಡಲಿ. ಮುರಿದ ಭಾಗ ಮತ್ತೆ ಕಟ್ಟಿಕೊಂಡಿದ್ದರೆ ಒಳಗೆ ಗೆದ್ದಲು ಜೀವಂತವಾಗಿದೆ ಎಂದರ್ಥ. ಗ್ರಂಥಾಲಯದ ಕಪಾಟನ್ನು ಅಂದೇ ಗೋಡೆಯಿಂದ ಸರಿಸಿ.